ಕಲ್ಲುನೆಲದ ಗರಗಸಕ್ಕೆ ಬಾಳುವ ಬಾರ್ ಯಾವುದು?

ಮರ ಕೊಯ್ಯುವ ಚೈನ್‌ಸಾ ಮಷಿನ್ನಿಗೆ ಹೊಸ ಬಾರ್ ಕೊಳ್ಳಲು ಅಂಗಡಿಗೆ ಬರುವವರು ಕೇಳುವುದು ಸಾಮಾನ್ಯವಾಗಿ ಒಂದೇ ಮಾತು: ‘ಗಟ್ಟಿ ಇರೋದು ಕೊಡಣ್ಣ, ಬಾಳಿಕೆ ಬರಬೇಕು.’ ಅಂಗಡಿಯಾತ ಎರಡು ಬಾರ್ ತೆಗೆದು ಮೇಜಿನ ಮೇಲಿಡುತ್ತಾನೆ. ಒಂದು ದುಬಾರಿ, ಇನ್ನೊಂದು ಅಗ್ಗ. ಅಲ್ಲಿಂದ ಮುಂದೆ ಮಾತೆಲ್ಲ ಬೆಲೆಯದ್ದೇ. ಕೊಳ್ಳುವವನು ಬೆಲೆಯನ್ನೇ ಬಾಳಿಕೆಯ ಅಳತೆ ಎಂದು ನಂಬಿ ಒಂದನ್ನು ಎತ್ತಿಕೊಂಡು ಹೋಗುತ್ತಾನೆ. ಎಷ್ಟೋ ಸಲ ದುಬಾರಿ ಬಾರ್ ಕೂಡ ಒಂದೇ ಹಂಗಾಮಿನಲ್ಲಿ ಸವೆದು ಮೂಲೆ ಸೇರುತ್ತದೆ. ಆಗ ಬೈಗುಳ ಬೀಳುವುದು ಕಂಪನಿಗೆ. ಬಾರಿನ ಬಾಳಿಕೆಯಲ್ಲಿ ಅದರ ಉಕ್ಕಿನ ಪಾಲು ಒಂದು ಭಾಗ ಮಾತ್ರ ಎಂಬುದು ಈ ಲೇಖನದ ವಾದ. ಇಂಜಿನ್ನಿಗೆ ತಕ್ಕ ಉದ್ದ, ಚೈನಿಗೆ ತಕ್ಕ ಸೀಳು, ಹೊತ್ತುಹೊತ್ತಿಗೆ ಸಿಗುವ ಶುದ್ಧ ಎಣ್ಣೆ, ಕೊಯ್ಯುವ ಜಾಗದ ಮಣ್ಣು, ಇವು ನಾಲ್ಕೂ ಸೇರಿ ಬಾರಿನ ಆಯುಸ್ಸನ್ನು ಗೊತ್ತುಮಾಡುತ್ತವೆ. ಹಾರೋಹಳ್ಳಿ, ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣದ ನೆಲದಲ್ಲಂತೂ ಕೊನೆಯದಾಗಿ ಹೇಳಿದ ಮಣ್ಣಿನದೇ ದೊಡ್ಡ ಕೈ.

ಮೊದಲು ಬಾರ್ ಎಂಬ ಸಾಮಾನನ್ನು ಸರಿಯಾಗಿ ನೋಡೋಣ. ಚೈನು ಸುತ್ತಿ ಓಡುವ ಅದು ದೂರದಿಂದ ಬರೀ ಕಬ್ಬಿಣದ ಪಟ್ಟಿ. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರೆ ಸುತ್ತಲೂ ಸಣ್ಣ ಸೀಳೊಂದು ಓಡಿರುವುದು ಕಾಣುತ್ತದೆ. ಸೀಳಿನ ಎರಡೂ ಬದಿಯಲ್ಲಿ ತೆಳ್ಳನೆಯ ಎರಡು ಅಂಚುಗಳಿವೆ. ಚೈನಿನ ಕೆಳಗೆ ಚೂಪಾಗಿ ಇಳಿಬಿದ್ದಿರುವ ನಾಲಿಗೆಯಂಥ ಕೊಂಡಿಗಳನ್ನು ಮೆಕ್ಯಾನಿಕ್‌ಗಳು ಡ್ರೈವ್ ಲಿಂಕ್ ಎನ್ನುತ್ತಾರೆ. ಅವು ಸೀಳಿನೊಳಗೆ ಇಳಿದು ಓಡುತ್ತವೆ. ಚೈನಿನ ಭಾರ, ಮರಕ್ಕೆ ಒತ್ತುವ ಕೈಯ ಭಾರ ಎರಡನ್ನೂ ಹೊರುವವು ಆ ಎರಡು ಅಂಚುಗಳು. ಪಟ್ಟಿಯ ನಡುಭಾಗ ಎಷ್ಟೇ ಗಟ್ಟಿಯಾಗಿರಲಿ, ಸವೆಯುವುದು ಅಂಚು. ಅದಕ್ಕೇ ತಯಾರಕರು ಅಂಚಿನ ಉಕ್ಕನ್ನು ಮಾತ್ರ ಬೇರೆಯಾಗಿ ಕಾಯಿಸಿ ಗಡುಸು ಮಾಡುತ್ತಾರೆ. ಆ ಗಡುಸು ಪದರದ ಆಳ ಕೆಲವೇ ಮಿಲಿಮೀಟರು. ಬಾರಿನ ಬಾಳಿಕೆ ಎಂದು ನಾವು ಕರೆಯುವುದೆಲ್ಲ ಈ ಕೆಲವು ಮಿಲಿಮೀಟರುಗಳ ಕಥೆ.

ಆ ಅಂಚುಗಳು ಏನನ್ನು ತಾಳಿಕೊಳ್ಳುತ್ತವೆ ಎಂಬುದಕ್ಕೆ ಒಂದು ಲೆಕ್ಕ ಹಾಕಬಹುದು. ನಮ್ಮ ಕಡೆ ಹೆಚ್ಚಾಗಿ ಓಡಾಡುವುದು 58 ಸಿಸಿ ಎಂದು ಬರೆದ ಮಷಿನ್, 22 ಇಂಚಿನ ಬಾರ್, .325 ಪಿಚ್ಚಿನ (ಚೈನಿನ ಕೊಂಡಿಗಳ ಅಳತೆ, ವಿವರ ಮುಂದಿದೆ) 86 ಡ್ರೈವ್ ಲಿಂಕಿನ ಚೈನು. ಇಂಜಿನ್ ಪಕ್ಕದ ಏಳು ಹಲ್ಲಿನ ಸ್ಪ್ರಾಕೆಟ್ ಒಂದು ಸುತ್ತು ತಿರುಗಿದರೆ ಚೈನು ಸುಮಾರು 11.5 ಸೆಂ.ಮೀ. ಮುಂದೆ ಹೋಗುತ್ತದೆ. ನಿಮಿಷಕ್ಕೆ 10,000 ಸುತ್ತು ಎಂದುಕೊಂಡರೆ ಸೆಕೆಂಡಿಗೆ 19 ಮೀಟರ್. ಚೈನಿನ ಇಡೀ ಉದ್ದ 142 ಸೆಂ.ಮೀ. ಮಾತ್ರ, ಅಂದರೆ ಕಣ್ಣು ಮಿಟುಕಿಸಿ ತೆರೆಯುವಷ್ಟರಲ್ಲಿ ಪ್ರತಿ ಕೊಂಡಿಯೂ ಬಾರನ್ನು ಹಲವು ಸಲ ಸುತ್ತಿ ಬಂದಿರುತ್ತದೆ, ಸೆಕೆಂಡಿಗೆ ಹದಿಮೂರು ಸಲಕ್ಕಿಂತ ಹೆಚ್ಚು. ಒಂದು ಗಂಟೆ ಅದೇ ವೇಗದಲ್ಲಿ ಓಡಿದರೆ 69 ಕಿಲೋಮೀಟರ್. ಹಾರೋಹಳ್ಳಿಯಿಂದ ಹೊರಟು ಬೆಂಗಳೂರು ದಾಟಿ ಆಚೆ ಹೋಗುವಷ್ಟು ದೂರವನ್ನು ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುತ್ತಲೇ ಕ್ರಮಿಸಿದಂತೆ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಇಬ್ಬರು ಹಿಡಿಯುವ ವಿದ್ಯುತ್ ಚೈನ್‌ಸಾ ಮಾಡಿದ ಕಾಲದಿಂದ ಇಂದಿನವರೆಗೆ ಇಂಜಿನ್ ಹಗುರಾಗಿದೆ, ಹಲ್ಲಿನ ಆಕಾರ ಬದಲಾಗಿದೆ. ಮರ ಕೊರೆಯುವ ಹುಳುವಿನ ದವಡೆಯನ್ನು ಗಮನಿಸಿ ಅಮೆರಿಕದ ಜೋಸೆಫ್ ಕಾಕ್ಸ್ ಇಂದಿನ ಬಾಗಿದ ಹಲ್ಲಿನ ಚೈನನ್ನು ರೂಪಿಸಿದ್ದು 1940ರ ದಶಕದಲ್ಲಿ. ಆದರೆ ಸೀಳು, ಅಂಚು, ನಡುವೆ ತೆಳ್ಳನೆಯ ಎಣ್ಣೆಪೊರೆ ಎಂಬ ಏರ್ಪಾಡು ಹಾಗೆಯೇ ಉಳಿದಿದೆ. ಆ ಪೊರೆ ಇರುವವರೆಗೆ ಅಂಚು ಉಳಿಯುತ್ತದೆ. ಪೊರೆಯೊಳಗೆ ಮರಳು ಸೇರಿದರೆ ಅದು ಸಾಣೆಹಿಟ್ಟಾಗುತ್ತದೆ.

ನಮ್ಮ ಸೀಮೆಯ ವಿಶೇಷ ಇರುವುದು ಇಲ್ಲೇ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ಬಂದದ್ದು. ಭೂವಿಜ್ಞಾನಿಗಳು ಈ ಭಾಗದ ಬಂಡೆಗಳನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ. ರಾಮನಗರದ ಗುಡ್ಡಗಳು, ಮಾಗಡಿಯ ಸಾವನದುರ್ಗ, ಎಲ್ಲವೂ ಕಲ್ಲಿನ ಒಂದೇ ಬಳಗ. ಈ ಗ್ರಾನೈಟು ಮಳೆ ಬಿಸಿಲಿಗೆ ಕರಗಿ ಮಣ್ಣಾಗುವಾಗ ಅದರೊಳಗಿನ ಬೇರೆ ಖನಿಜಗಳು ಜೇಡಿಯಾಗುತ್ತವೆ. ಬೆಣಚು ಮಾತ್ರ ಕರಗದೆ ಹರಳುಹರಳಾಗಿ ಉಳಿಯುತ್ತದೆ. ನಮ್ಮ ಕೆಂಪು ಮಣ್ಣನ್ನು ಬೊಗಸೆಯಲ್ಲಿ ಹಿಡಿದು ಉಜ್ಜಿದರೆ ಗರಗರ ಎನ್ನುವುದು ಅದೇ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ 7. ಕಾಯಿಸಿ ಗಡುಸು ಮಾಡಿದ ಬಾರಿನ ಅಂಚು ಕೂಡ ಇದಕ್ಕಿಂತ ಮೆದು. ಅಂದರೆ ಜಗತ್ತಿನ ಯಾವ ಕಂಪನಿಯ ಬಾರ್ ತಂದರೂ ಹಾರೋಹಳ್ಳಿಯ ಒಂದು ಚಿಟಿಕೆ ಮರಳು ಅದನ್ನು ಗೀರಬಲ್ಲದು. ದಿನವಿಡೀ ಲಾರಿಗಳು ಓಡಾಡುವ ಕಲ್ಲುಕ್ವಾರಿ ರಸ್ತೆಗಳ ಪಕ್ಕದ ಮರಗಳ ತೊಗಟೆಯ ಬಿರುಕುಗಳಲ್ಲಿ ಬಿಳಿಯ ದೂಳು ಕೂತಿರುತ್ತದಲ್ಲ, ಅದೂ ಇದೇ ಕಲ್ಲು.

ಆದ್ದರಿಂದ ಬಾರ್ ಆರಿಸುವ ಮೊದಲು ನಾವು ಏನನ್ನು, ಎಲ್ಲಿ ಕೊಯ್ಯುತ್ತೇವೆ ಎಂದು ಕೇಳಿಕೊಳ್ಳಬೇಕು. ನೀಲಗಿರಿಯನ್ನು ತೆಗೆದುಕೊಳ್ಳಿ. ಹೊಸದಾಗಿ ನೆಡುವುದಕ್ಕೆ ಸರ್ಕಾರ 2017ರಲ್ಲಿ ತಡೆ ಹಾಕಿದರೂ ಹಳೆಯ ತೋಪುಗಳ ಬುಡಗಳು ಮತ್ತೆ ಮತ್ತೆ ಚಿಗುರುತ್ತವೆ. ಚೆನ್ನಾಗಿ ಚಿಗುರಲಿ ಎಂದು ನೆಲಕ್ಕೆ ಒಂದು ಗೇಣಿನೊಳಗೇ ಕೊಯ್ಯುವುದು ರೂಢಿ. ಅಷ್ಟು ಕೆಳಗೆ ಕೊಯ್ಯುವಾಗ ಬಾರಿನ ಮೂತಿ ಒಂದಲ್ಲ ಒಂದು ಸಲ ಮಣ್ಣು ಮುಟ್ಟಿಯೇ ಮುಟ್ಟುತ್ತದೆ. ತೆಂಗಿನ ಮರದ್ದು ಬೇರೆ ತೊಂದರೆ: ಅದರ ಕಾಂಡದ ಹೊರಸುತ್ತು ಗಡುಸು, ಒಳಗೆ ಮೆದು, ಮುದಿಮರವಾದಷ್ಟೂ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ಹುಣಸೆಯ ಕೆಚ್ಚು ಕಲ್ಲಿನಂಥದು. ಸರ್ವೆ ಅದಕ್ಕೆ ಸಮ. ರಸ್ತೆಬದಿಯ ಮರಗಳಲ್ಲಿ ಬೋರ್ಡು ಹೊಡೆದ ಮೊಳೆ, ಬೇಲಿ ಕಟ್ಟಿದ ತಂತಿ ತೊಗಟೆಯೊಳಗೆ ಹುದುಗಿ ಹೊರಗೆ ಗುರುತೇ ಇರುವುದಿಲ್ಲ. ಇಷ್ಟರ ನಡುವೆ ಬಾರನ್ನು ಉಳಿಸುವ ಅತ್ಯಂತ ಅಗ್ಗದ ಸಾಧನ ಎಲ್ಲರ ಮನೆಯಲ್ಲೂ ಇದೆ. ಕೊಯ್ಯುವ ಜಾಗದ ಸುತ್ತ ಕೊಡಲಿಯಿಂದ ತೊಗಟೆ ಕೆತ್ತಿ, ಪೊರಕೆಯಿಂದ ಮಣ್ಣು ಗುಡಿಸುವುದು. ಎರಡು ನಿಮಿಷದ ಈ ಕೆಲಸ ಮಾಡುವವನ ಸಾಧಾರಣ ಬಾರ್, ಮಾಡದವನ ದುಬಾರಿ ಬಾರಿಗಿಂತ ಹೆಚ್ಚು ಕಾಲ ಬಾಳುತ್ತದೆ. ನೆಲಕ್ಕೆ ಬಿದ್ದ ದಿಮ್ಮಿಯ ಕೆಳಗೆ ಅಡ್ಡಲಾಗಿ ಒಂದು ತುಂಡು ಸೌದೆ ಕೊಟ್ಟು ಎತ್ತರಿಸಿ ಕೊಯ್ದರೂ ಅಷ್ಟೇ ಲಾಭ.

ಇನ್ನು ಉದ್ದದ ಮಾತು. ನಮ್ಮಲ್ಲಿ ಬಾರ್ ಉದ್ದವಿದ್ದಷ್ಟೂ ಮಷಿನ್ ದೊಡ್ಡದು ಎಂಬ ಭಾವನೆ ಬೇರೂರಿದೆ. 58 ಸಿಸಿ ಮಷಿನ್ನಿಗೆ 22 ಇಂಚು ಸಿಕ್ಕಿಸಿ ಮಾರುವುದು ಕೂಡ ಆ ಭಾವನೆಯನ್ನು ನಂಬಿಯೇ. ಆದರೆ ಹಲ್ಲುಗಳನ್ನು ಎಣಿಸಿ ನೋಡಿ. ಸಾಮಾನ್ಯ .325 ಚೈನಿನಲ್ಲಿ ಸುಮಾರು 3.3 ಸೆಂ.ಮೀ.ಗೆ ಒಂದು ಹಲ್ಲು. 16 ಇಂಚಿನ ಬಾರ್ ಪೂರ್ತಿ ಮರದೊಳಗೆ ಹೋದರೆ ಏಕಕಾಲಕ್ಕೆ ಹನ್ನೆರಡು ಹಲ್ಲು ಕೊಯ್ಯುತ್ತಿರುತ್ತವೆ. 22 ಇಂಚಾದರೆ ಹದಿನೇಳು. ಇಂಜಿನ್ನಿನ ಶಕ್ತಿ ಅಷ್ಟೇ ಇದೆ, ಹಂಚಿಕೊಳ್ಳುವವರು ಹೆಚ್ಚಾದರು. ಪ್ರತಿ ಹಲ್ಲಿಗೂ ಸಿಗುವ ಬಲ ಕಡಿಮೆಯಾಗಿ ಚೈನು ನಿಧಾನವಾಗುತ್ತದೆ. ಕೊಯ್ಯುವವನು ಬಾರನ್ನು ಮರಕ್ಕೆ ಒತ್ತುತ್ತಾನೆ. ಒತ್ತಿದ ಭಾರವೆಲ್ಲ ಬಾರಿನ ಕೆಳ ಅಂಚಿನ ಮೇಲೆ. ಅಂಚು ಕಾಯುತ್ತದೆ, ಎಣ್ಣೆಪೊರೆ ಹರಿಯುತ್ತದೆ. ಸಣ್ಣ ಮಷಿನ್ನುಗಳ ಎಣ್ಣೆ ಪಂಪು ಕೊಡುವ ಎಣ್ಣೆಗೂ ಮಿತಿಯಿದೆ. ಉದ್ದ ಬಾರಿನ ಮೂತಿ ತಲುಪುವಷ್ಟರಲ್ಲಿ ಅದು ಒಣಗಿಹೋಗಿರುತ್ತದೆ. ಬಾರಿನ ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಆ ಜಾಗದ ಉಕ್ಕು 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನವರೆಗೆ ಕಾದಿದೆ ಎಂದರ್ಥ. ಅಲ್ಲಿಗೆ ಅದರ ಗಡಸುತನ ಇಳಿದಿದೆ, ಇನ್ನು ಅದು ಬೆಣ್ಣೆಯಂತೆ ಸವೆಯುತ್ತದೆ. ಹಾಗಾಗಿ 50ರಿಂದ 60 ಸಿಸಿಯೊಳಗಿನ ಮಷಿನ್ನಿಗೆ, ನಮ್ಮ ಗಟ್ಟಿಮರಗಳಿಗೆ, 16 ಅಥವಾ 18 ಇಂಚು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಬರುವ ಆಕ್ಷೇಪ ಸಹಜವಾದದ್ದೇ: ದಪ್ಪ ಹುಣಸೆ, ದಪ್ಪ ಮಾವು ಸಿಕ್ಕರೆ ಏನು ಮಾಡುವುದು? ಬಿದ್ದಿರುವ ದಿಮ್ಮಿಯನ್ನು ಎರಡೂ ಬದಿಯಿಂದ ಕೊಯ್ದರೆ 16 ಇಂಚಿನ ಬಾರ್ ಅದರ ಸುಮಾರು ಒಂದೂಮುಕ್ಕಾಲು ಪಟ್ಟು ದಪ್ಪದ ಮರವನ್ನು ತುಂಡು ಮಾಡುತ್ತದೆ. ತೋಟಗಳಲ್ಲಿ ಸಿಗುವ ಮರಗಳಲ್ಲಿ ಬಹುಪಾಲು ಈ ಅಳತೆಯೊಳಗೇ ಇರುತ್ತವೆ. ವರ್ಷಕ್ಕೆ ಒಂದೋ ಎರಡೋ ಸಲ ಸಿಗುವ ಹೆಮ್ಮರಕ್ಕಾಗಿ ವರ್ಷವಿಡೀ ಉದ್ದ ಬಾರ್ ಹೊತ್ತು ತಿರುಗುವುದು ನಷ್ಟದ ಬಾಬತ್ತು. ಅಂಥ ಮರಕ್ಕೆ 70 ಸಿಸಿ ಮೇಲ್ಪಟ್ಟ ಇಂಜಿನ್, 3/8 ಪಿಚ್ಚಿನ ಚೈನು, ಅದಕ್ಕೆ ತಕ್ಕ ಉದ್ದ ಬಾರ್ ಇರುವ ಮಷಿನ್ನನ್ನು ಬಾಡಿಗೆಗೆ ತರುವುದೇ ಮೇಲು. ನಿಂತ ಹೆಮ್ಮರವನ್ನು ಸಣ್ಣ ಬಾರಿನಿಂದ ಸುತ್ತಲೂ ಕಚ್ಚಿ ಉರುಳಿಸಲು ಹೋಗುವುದು ಮಾತ್ರ ಜೀವಕ್ಕೆ ಅಪಾಯ. ಆ ಕೆಲಸದಲ್ಲಿ ಉದ್ದ ಬಾರ್ ಬೇಕೆನ್ನುವವರ ಮಾತನ್ನು ಒಪ್ಪಲೇಬೇಕು. ಸಾಲುಮರವೋ ತೋಟದ ಮರವೋ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಹಳಷ್ಟು ಜಾತಿಯ ಮರಗಳಿಗೆ ವೃಕ್ಷ ಅಧಿಕಾರಿಯ ಅನುಮತಿ ಬೇಕೆಂಬುದನ್ನೂ ಇಲ್ಲೇ ನೆನಪಿಸಬೇಕು. ಬಾರ್ ಅಳೆಯುವ ಮೊದಲು ಆ ಕಾಗದ ಕೈಯಲ್ಲಿರಲಿ.

ಉದ್ದ ನಿಶ್ಚಯವಾದ ಮೇಲೆ ಬಾರಿನ ಬಾಲದ ಹತ್ತಿರ ಕೊರೆದಿರುವ ಅಂಕಿಗಳನ್ನು ಓದಬೇಕು. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ, ಆದರೆ ಬಾಳಿಕೆಯ ಅರ್ಧ ಗುಟ್ಟು ಅಲ್ಲಿದೆ. ಪಿಚ್ ಎಂದರೆ ಚೈನಿನ ಒಂದರ ಪಕ್ಕ ಒಂದರಂತೆ ಮೂರು ರಿವೆಟ್ಟುಗಳ ನಡುವಿನ ದೂರದ ಅರ್ಧ. .325 ಎಂದರೆ 8.25 ಮಿ.ಮೀ., 3/8 ಎಂದರೆ 9.5 ಮಿ.ಮೀ. ಚೈನು, ಬಾರಿನ ಮೂತಿಯ ಚಕ್ರ, ಇಂಜಿನ್ ಪಕ್ಕದ ಸ್ಪ್ರಾಕೆಟ್ ಮೂರರಲ್ಲೂ ಇದು ಒಂದೇ ಇರಬೇಕು. ಗೇಜ್ ಎಂದರೆ ಸೀಳಿನ ಅಗಲ: ಸಾಮಾನ್ಯವಾಗಿ 1.1, 1.3, 1.5, 1.6 ಮಿ.ಮೀ. ಎಂಬ ನಾಲ್ಕು ಅಳತೆಗಳಲ್ಲಿ ಬರುತ್ತದೆ. ದಪ್ಪ ಚೈನು ಸಣ್ಣ ಸೀಳಿಗೆ ಹೋಗುವುದಿಲ್ಲವಾದ್ದರಿಂದ ಆ ತಪ್ಪು ಕೂಡಲೇ ಗೊತ್ತಾಗುತ್ತದೆ. ಕಷ್ಟ ಇರುವುದು ಅದರ ತಿರುವುಮುರುವಿನಲ್ಲಿ. 1.3ರ ಚೈನು 1.5ರ ಸೀಳಿಗೆ ಸಲೀಸಾಗಿ ಕೂರುತ್ತದೆ, ಮಷಿನ್ ಓಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಎರಡು ಹಾಳೆ ಕಾಗದದಷ್ಟು ಮಾತ್ರ ಸಡಿಲ. ಅಷ್ಟೇ ಸಡಿಲದಲ್ಲಿ ಚೈನು ಒಂದು ಕಡೆಗೆ ವಾಲಿಕೊಂಡು ಓಡುತ್ತ ಒಂದೇ ಅಂಚನ್ನು ತಿನ್ನುತ್ತದೆ. ತಿಂಗಳೊಳಗೆ ಕೊಯ್ತ ಸೊಟ್ಟಗಾಗುತ್ತದೆ. ಅಂಕಿಗಳಾದ ಮೇಲೆ ನೋಡಬೇಕಾದದ್ದು ಬಾಲದಲ್ಲಿರುವ ಎಣ್ಣೆ ತೂತು. ಬೇರೆ ಬೇರೆ ಕಂಪನಿಯ ಮಷಿನ್ನುಗಳಲ್ಲಿ ಎಣ್ಣೆ ಹೊರಬರುವ ಜಾಗ, ಬೋಲ್ಟಿನ ಅಂತರ, ಚೈನು ಬಿಗಿ ಮಾಡುವ ಮೊಳೆಯ ಜಾಗ ಬೇರೆ ಬೇರೆ. ‘ಎಲ್ಲ ಮಷಿನ್ನಿಗೂ ಆಗುತ್ತೆ’ ಎಂದು ಕೊಟ್ಟ ಬಾರ್ ಬೋಲ್ಟಿಗೆ ಕೂತರೂ ತೂತಿಗೆ ತೂತು ಕೂಡದಿದ್ದರೆ ಎಣ್ಣೆ ಸೀಳಿಗೆ ಇಳಿಯದೆ ಹೊರಗೆ ಸೋರುತ್ತದೆ. ನೋಡುವವನಿಗೆ ಎಣ್ಣೆ ಧಾರಾಳವಾಗಿ ಬರುತ್ತಿದೆ ಎನ್ನಿಸುತ್ತದೆ, ಬಾರ್ ಮಾತ್ರ ಒಣಗಿ ಸಾಯುತ್ತಿರುತ್ತದೆ. ಅಂಕಿಗಳೇ ಇಲ್ಲದ ಬಾರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬೇಡಿ.

ಬಾರಿನ ಜಾತಿಗಳು ಸ್ಥೂಲವಾಗಿ ಮೂರು. ಮೂರು ತೆಳು ತಗಡುಗಳನ್ನು ಒಂದರ ಮೇಲೊಂದಿಟ್ಟು ವೆಲ್ಡ್ ಮಾಡಿದ್ದು ಒಂದು. ಪಕ್ಕದಲ್ಲಿ ನಾಣ್ಯದಂಥ ದುಂಡನೆ ವೆಲ್ಡ್ ಗುರುತುಗಳು ಸಾಮಾನ್ಯವಾಗಿ ಕಾಣುತ್ತವೆ. ಹಗುರ, ಬೆಲೆ ಕಡಿಮೆ. ಒಂದೇ ಉಕ್ಕಿನ ಹಲಗೆಯಲ್ಲಿ ಸೀಳು ಕೊರೆದದ್ದು ಎರಡನೆಯದು. ಇದು ಭಾರ, ಆದರೆ ದಿಮ್ಮಿಯ ನಡುವೆ ಸಿಕ್ಕಿಕೊಂಡಾಗ ಸುಲಭಕ್ಕೆ ಬಾಗುವುದಿಲ್ಲ, ಮೂತಿಯ ಚಕ್ರ ಹಾಳಾದರೆ ಮೂತಿಯನ್ನಷ್ಟೇ ಬದಲಿಸುವ ಅನುಕೂಲ ಇದರ ಬಹಳಷ್ಟು ಮಾದರಿಗಳಲ್ಲಿ ಇರುತ್ತದೆ. ಮೂತಿಯಲ್ಲಿ ಚಕ್ರವೇ ಇಲ್ಲದೆ ಕೋಬಾಲ್ಟ್ ಮತ್ತು ಕ್ರೋಮಿಯಂ ಬೆರೆತ ಸ್ಟೆಲ್ಲೈಟ್ ಎಂಬ ಗಡುಸು ಲೋಹವನ್ನು ಹಚ್ಚಿರುವುದು ಮೂರನೆಯದು. ಮೇಲೆ ಹೇಳಿದ ಮರಳಿನ ಕಥೆ ಕೇಳಿದವರು ಹಾಗಾದರೆ ನಮ್ಮ ನೆಲಕ್ಕೆ ಈ ಮೂರನೆಯದೇ ಸರಿ ಅಲ್ಲವೇ ಎಂದು ಕೇಳಬಹುದು. ಮಾತಿನಲ್ಲಿ ತಥ್ಯವಿದೆ: ಚಕ್ರದೊಳಗಿನ ಪುಟಾಣಿ ಬೇರಿಂಗಿಗೆ ಮರಳು ನುಗ್ಗಿದರೆ ಅದು ಸಿಕ್ಕಿಕೊಳ್ಳುತ್ತದೆ, ಚಕ್ರವೇ ಇಲ್ಲದಲ್ಲಿ ಆ ಭಯವಿಲ್ಲ. ಆದರೆ ಚಕ್ರ ಚೈನನ್ನು ಮೂತಿಯ ಬಳಿ ಅಂಚಿನಿಂದ ಮೇಲೆತ್ತಿ ತಿರುಗಿಸುತ್ತದೆ. ಚಕ್ರವಿಲ್ಲದ ಮೂತಿಯಲ್ಲಿ ಚೈನು ಉಜ್ಜಿಕೊಂಡೇ ಹೊರಳಬೇಕು. ಇಂಜಿನ್ನಿನ ಶಕ್ತಿಯ ಒಂದು ಪಾಲು ಅಲ್ಲೇ ಶಾಖವಾಗಿ ಹೋಗುತ್ತದೆ, ಎಣ್ಣೆಯೂ ಹೆಚ್ಚು ಬೇಕು. ದಿನವೂ ಬೇರು, ಬುಡ, ಮಣ್ಣು ಮೆತ್ತಿದ ಮೋಟುಗಳನ್ನೇ ಕೊಯ್ಯುವವರಿಗೆ, ಅದೂ ಬಲವಾದ ಇಂಜಿನ್ ಇದ್ದವರಿಗೆ ಅದು ತಕ್ಕದ್ದು. ಸೌದೆ ಕೊಯ್ಯುವ, ದಿಮ್ಮಿ ತುಂಡು ಮಾಡುವ ವೃತ್ತಿಯವರಿಗೆ ಮೂತಿ ಬದಲಿಸಬಹುದಾದ ಗಟ್ಟಿ ಹಲಗೆಯ ಬಾರ್. ವರ್ಷಕ್ಕೆ ಹದಿನೈದು ಇಪ್ಪತ್ತು ದಿನ ತೋಟದ ರೆಂಬೆ ಸವರುವ ರೈತನಿಗೆ ತಗಡಿನ ಹಗುರ ಬಾರೇ ಸಾಕು. ದುಬಾರಿಯದನ್ನು ಕೊಂಡು ಕೈ ನೋಯಿಸಿಕೊಳ್ಳುವ ಅಗತ್ಯ ಅವನಿಗಿಲ್ಲ.

ಎಣ್ಣೆಯ ವಿಷಯಕ್ಕೆ ಬಂದರೆ ವಾದ ಬಿಸಿಯಾಗುತ್ತದೆ. ಗ್ಯಾರೇಜಿನಲ್ಲಿ ಸಿಗುವ ಸುಟ್ಟ ಆಯಿಲನ್ನು ಬಾರಿಗೆ ಸುರಿಯುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಬೇರೆ ಎಣ್ಣೆ ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ‘ಹೇಗೂ ನೆಲಕ್ಕೆ ಚೆಲ್ಲಿಹೋಗುವ ಎಣ್ಣೆಗೆ ದುಡ್ಡು ಯಾಕೆ ಸುರಿಯಬೇಕು?’ ಎನ್ನುವುದು ಅವರ ಪ್ರಶ್ನೆ. ಸುಟ್ಟ ಆಯಿಲಿನಲ್ಲಿ ಇನ್ನೊಂದು ಇಂಜಿನ್ ಸವೆದ ಲೋಹದ ಪುಡಿ, ಮಸಿ ಇರುತ್ತವೆ. ಅವು ಎಣ್ಣೆ ಪಂಪನ್ನೂ ಸೀಳನ್ನೂ ಒಟ್ಟಿಗೆ ತಿನ್ನುತ್ತವೆ. ಅದಕ್ಕೆ ಅಂಟುಗುಣವಿಲ್ಲ. ಸೆಕೆಂಡಿಗೆ 19 ಮೀಟರ್ ಓಡುವ ಚೈನು ಬಾರಿನ ಮೂತಿಯಲ್ಲಿ ತಿರುಗುವಾಗ ಎಣ್ಣೆಯನ್ನು ಹೊರಗೆ ಎರಚಿಬಿಡುತ್ತದೆ. ಬಾರಿಗೆಂದೇ ಮಾಡಿದ ಎಣ್ಣೆಯಲ್ಲಿ ಬೆರಳಿಗೆ ನೂಲಿನಂತೆ ಎಳೆ ಬರುವ ಅಂಟು ಸೇರಿಸಿರುತ್ತಾರೆ, ಅದು ತಿರುವಿನಲ್ಲೂ ಅಂಟಿಕೊಂಡಿರುತ್ತದೆ. ಇನ್ನೂ ಮುಖ್ಯವಾದದ್ದು ಆರೋಗ್ಯ. ಸುಟ್ಟ ಆಯಿಲ್ ತುಂತುರಾಗಿ ಹಾರಿ ಕೊಯ್ಯುವವನ ಕೈಗೆ, ಮುಖಕ್ಕೆ, ಉಸಿರಿಗೆ ಸೇರುತ್ತದೆ. ಚರ್ಮಕ್ಕೆ ಪದೇ ಪದೇ ತಾಗಿದರೆ ಕ್ಯಾನ್ಸರ್ ತರಬಲ್ಲ ವಸ್ತುಗಳು ಅದರಲ್ಲಿವೆ. ಅಪಾಯಕಾರಿ ತ್ಯಾಜ್ಯ ಕುರಿತ 2016ರ ನಿಯಮಗಳು ಬಳಸಿದ ಆಯಿಲನ್ನೂ ಆ ತ್ಯಾಜ್ಯಗಳ ಸಾಲಿಗೆ ಸೇರಿಸಿವೆ. ಅದನ್ನು ರಾಗಿ ಹೊಲದ ಬದುವಿಗೆ, ಹಿಪ್ಪುನೇರಳೆ ತೋಟದ ಅಂಚಿಗೆ ಚಿಮುಕಿಸುತ್ತ ಹೋಗುವುದು ಸರಿಯಲ್ಲ. ರೇಷ್ಮೆಹುಳು ತಿನ್ನುವ ಸೊಪ್ಪಿನ ಮೇಲೆ ಏನು ಬೀಳುತ್ತಿದೆ ಎಂದು ನಮ್ಮ ಜಿಲ್ಲೆಯವರಿಗೆ ಬೇರೆ ಹೇಳಬೇಕಿಲ್ಲ. ಬಾರ್ ಎಣ್ಣೆ ಸಿಗದ ದಿನ ಹೊಸ ಇಂಜಿನ್ ಆಯಿಲ್ ಹಾಕಿದರೂ ಸುಟ್ಟ ಆಯಿಲಿಗಿಂತ ಎಷ್ಟೋ ವಾಸಿ. ಅಡುಗೆ ಎಣ್ಣೆ, ಹೊಂಗೆ ಎಣ್ಣೆ ಆಗದೇ ಎಂದು ಕೇಳುವವರಿದ್ದಾರೆ. ಯುರೋಪಿನಲ್ಲಿ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆಯಿಂದ ಬಾರ್ ಎಣ್ಣೆ ಮಾಡುವುದು ನಿಜ. ಅದರಲ್ಲಿ ಗಟ್ಟಿಯಾಗದಂತೆ ಬೆರೆಸಿದ ಸಾಮಗ್ರಿ ಇರುತ್ತದೆ. ಬರೀ ಸಸ್ಯದ ಎಣ್ಣೆ ಹಾಕಿ ಮಷಿನ್ನನ್ನು ತಿಂಗಳುಗಟ್ಟಲೆ ಮೂಲೆಗಿಟ್ಟರೆ ಅದು ಅಂಟುಗಟ್ಟಿ ಪಂಪು ಹಿಡಿದುಕೊಳ್ಳುತ್ತದೆ. ತೆಂಗಿನೆಣ್ಣೆಯಂತೂ ಚಳಿಗಾಲದ ಬೆಳಗಿನಲ್ಲಿ ಟ್ಯಾಂಕಿನೊಳಗೇ ಹೆಪ್ಪುಗಟ್ಟುತ್ತದೆ.

‘ಅಗ್ಗದ ಬಾರ್ ತಂದು, ಸವೆದರೆ ಬಿಸಾಡಿ ಇನ್ನೊಂದು ಹಾಕಿದರಾಯಿತು’ ಎಂಬ ವಾದವನ್ನೂ ತಳ್ಳಿಹಾಕುವಂತಿಲ್ಲ. ಒಂದು ದುಬಾರಿ ಬಾರಿನ ಬೆಲೆಗೆ ಎರಡು ಮೂರು ಅಗ್ಗದ ಬಾರ್ ಬರುವಾಗ ದಿನಗೂಲಿ ಲೆಕ್ಕದಲ್ಲಿ ದುಡಿಯುವವನು ಹಾಗೆ ಯೋಚಿಸುವುದು ಸಹಜ. ಆದರೆ ಬಾರ್ ಒಂಟಿಯಾಗಿ ಸವೆಯುವುದಿಲ್ಲ. ಸೀಳು ಅಗಲವಾದ ಬಾರಿನಲ್ಲಿ ಓಡಿದ ಚೈನಿನ ಡ್ರೈವ್ ಲಿಂಕ್ ಕೂಡ ಬದಿಯಲ್ಲಿ ಸವೆದು ತೆಳ್ಳಗಾಗುತ್ತದೆ. ಅದೇ ಚೈನನ್ನು ಹೊಸ ಬಾರಿಗೆ ಹಾಕಿದರೆ ಹೊಸದಕ್ಕೂ ಅದೇ ರೋಗ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನು ಎಳೆದಾಡಿ ಕೆಡಿಸುತ್ತದೆ. ಎರಡು ಚೈನು ಸವೆಯುವಷ್ಟರಲ್ಲಿ ಒಂದು ಸ್ಪ್ರಾಕೆಟ್ ಬದಲಿಸಬೇಕು ಎಂಬ ಲೆಕ್ಕ ಇರುವುದು ಅದಕ್ಕೇ. ಕೊಯ್ತ ವಾಲಿ ಬಾರ್ ಮರದೊಳಗೆ ಸಿಕ್ಕಿಕೊಂಡು ಹೋಗುವ ಹೊತ್ತು, ಸುಮ್ಮನೆ ಉರಿಯುವ ಪೆಟ್ರೋಲು ಲೆಕ್ಕಕ್ಕೆ ಬರುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸವೆದ ಸೀಳಿನಿಂದ ಚೈನು ಹೊರಗೆ ಹಾರುವ ಸಂಭವ ಹೆಚ್ಚು. ಸೆಕೆಂಡಿಗೆ 19 ಮೀಟರ್ ಓಡುತ್ತಿರುವ ಹಲ್ಲುಗಳ ಸರಪಳಿ ಅದು. ಅಂಗಡಿಯ ಬಿಲ್ಲನ್ನು ಮಾತ್ರ ನೋಡದೆ, ಒಂದು ಬಾರ್ ಸವೆಯುವಷ್ಟರಲ್ಲಿ ಎಷ್ಟು ಚೈನು ಸವೆದವು, ಎಷ್ಟು ಟನ್ ಸೌದೆಯಾಯಿತು ಎಂದು ಒಂದು ಹಂಗಾಮು ಬರೆದಿಟ್ಟು ನೋಡಿ. ಲೆಕ್ಕ ತಾನಾಗಿಯೇ ಮಾತಾಡುತ್ತದೆ.

ಬಾರಿನ ಸ್ಥಿತಿ ಮರಕ್ಕೂ ಮುಖ್ಯ ಎಂಬ ಮಾತು ಹೇಳದೆ ಮುಂದೆ ಹೋಗಲಾರೆ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ 385 ಆಲದ ಮರಗಳನ್ನು ಮಕ್ಕಳಂತೆ ಬೆಳೆಸಿದ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರ ಜಿಲ್ಲೆಯಿದು. ಇಲ್ಲಿ ಚೈನ್‌ಸಾ ಕಡಿಯುವುದಕ್ಕಷ್ಟೇ ಅಲ್ಲ, ಮರ ಉಳಿಸುವುದಕ್ಕೂ ಬೇಕು. ಒತ್ತಾಗಿ ಬೆಳೆದು ಫಸಲು ಇಳಿದ ಹಳೆಯ ಮಾವಿನ ತೋಪುಗಳನ್ನು ಕೊಯ್ಲು ಮುಗಿದ ಮೇಲೆ ಎತ್ತರದಲ್ಲಿ ಕತ್ತರಿಸಿ ಹೊಸ ಚಿಗುರು ಬರಿಸುವ ಪುನಶ್ಚೇತನದ ಕ್ರಮವಿದೆ. ಅಲ್ಲಿ ಕೊಯ್ತ ನುಣುಪಾಗಿರಬೇಕು, ನೀರು ನಿಲ್ಲದಂತೆ ಓರೆಯಾಗಿರಬೇಕು, ತೊಗಟೆ ಸೀಳಬಾರದು. ಆಮೇಲೆ ಗಾಯಕ್ಕೆ ತಾಮ್ರದ ಮುಲಾಮು ಹಚ್ಚುತ್ತಾರೆ. ಅಂಚು ಸವೆದು ಚೈನು ಅಲ್ಲಾಡುವ ಬಾರ್ ಗಾಯವನ್ನು ನಾರುನಾರಾಗಿ ಹರಿಯುತ್ತದೆ. ಹರಿದ ಗಾಯ ಮಾಯುವುದು ತಡ, ಕೊರಕ ಹುಳುವಿಗೂ ಕೊಳೆರೋಗಕ್ಕೂ ಅದೇ ಬಾಗಿಲು. ಚನ್ನಪಟ್ಟಣದ ಬೊಂಬೆಯವರು ಬಳಸುವ ಆಲೆ ಮರದ ಕಥೆ ಇನ್ನೊಂದು ಬಗೆ. ಅದು ಸಣ್ಣ ಸುತ್ತಳತೆಯ ಮರ. ಚೈನ್‌ಸಾ ಪ್ರತಿ ಕೊಯ್ತಕ್ಕೂ 6ರಿಂದ 8 ಮಿ.ಮೀ. ಮರವನ್ನು ಹೊಟ್ಟು ಮಾಡುತ್ತದೆ. ಸಣ್ಣ ತುಂಡುಗಳನ್ನು ಒಂದರ ಹಿಂದೊಂದು ಕೊಯ್ಯುವಾಗ ಸೊಟ್ಟ ಬಾರಿನಿಂದ ಈ ನಷ್ಟ ಇನ್ನೂ ಏರುತ್ತದೆ. ಅಂಥ ಮರಕ್ಕೆ 1.1 ಅಥವಾ 1.3 ಗೇಜಿನ ತೆಳು ಬಾರ್, ಸಣ್ಣ ಮಷಿನ್ ತಕ್ಕದ್ದು.

ಒಳ್ಳೆಯ ಬಾರ್ ತಂದ ಮೇಲೆ ಅದನ್ನು ಬಾಳಿಸುವುದು ಕಷ್ಟದ ವಿದ್ಯೆಯೇನಲ್ಲ. ಚೈನಿಗೆ ಅರ ಹಿಡಿಯುವಾಗಲೆಲ್ಲ ಬಾರನ್ನು ಬಿಚ್ಚಿ ಮೇಲೆ ಕೆಳಗೆ ಮಾಡಿ ಹಾಕಬೇಕು. ಆಗ ಎರಡೂ ಅಂಚು ಸಮವಾಗಿ ಸವೆಯುತ್ತವೆ. ಬಿಚ್ಚಿದಾಗ ಸೀಳಿನಲ್ಲಿ ಗಟ್ಟಿಯಾಗಿ ಕೂತ ಹೊಟ್ಟನ್ನೂ ಎಣ್ಣೆ ತೂತಿನ ಕೊಳೆಯನ್ನೂ ತೆಳು ತಗಡಿನಿಂದ ಕೆರೆದು ತೆಗೆಯಬೇಕು. ಅಂಚಿನ ಹೊರಗೆ ಏಳುವ ಸಿಬಿರನ್ನು ಚಪ್ಪಟೆ ಅರದಿಂದ ಉಜ್ಜಬೇಕು. ಹಲ್ಲಿಗೆ ಅರ ಹಿಡಿಯುವಾಗ ಎಡಬಲದ ಹಲ್ಲುಗಳ ಉದ್ದ ಒಂದೇ ಇರಲಿ, ಇಲ್ಲವಾದರೆ ಚೈನು ಒಂದು ಕಡೆಗೆ ಎಳೆದು ಅಂಚು ತಿನ್ನುತ್ತದೆ; .325 ಚೈನಿಗೆ 4.8 ಮಿ.ಮೀ. ದುಂಡು ಅರ ಸರಿ. ಮರದಿಂದ ಚಕ್ಕೆ ಬೀಳುವವರೆಗೆ ಹಲ್ಲು ಹರಿತ. ಹಿಟ್ಟು ಬೀಳತೊಡಗಿದರೆ ಒತ್ತುವುದನ್ನು ನಿಲ್ಲಿಸಿ ಅರ ತೆಗೆಯುವ ಹೊತ್ತು ಬಂತೆಂದು ತಿಳಿಯಬೇಕು. ಎಣ್ಣೆ ಬರುತ್ತಿದೆಯೇ ಎಂದು ನೋಡಲು ಬಾರಿನ ಮೂತಿಯನ್ನು ಒಣ ರಟ್ಟಿನ ಮೇಲೆ ಮುಟ್ಟಿಸದೆ ಹಿಡಿದು ಆಕ್ಸಿಲರೇಟರ್ ಒತ್ತಿದರೆ ಸಾಕು, ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಅಂಚಿನ ಸವಕಳಿಗೆ ಮಕ್ಕಳ ಸ್ಕೇಲು ಸಾಕು: ಮಷಿನ್ ನಿಲ್ಲಿಸಿ, ಸ್ಕೇಲನ್ನು ಒಂದು ಹಲ್ಲಿನ ಪಕ್ಕಕ್ಕೂ ಬಾರಿನ ಪಕ್ಕಕ್ಕೂ ಒರಗಿಸಿ. ಸ್ಕೇಲಿಗೂ ಬಾರಿಗೂ ನಡುವೆ ಸಂದು ಉಳಿದರೆ ಬಾರ್ ಚೆನ್ನಾಗಿದೆ. ಸ್ಕೇಲು ಬಾರಿಗೆ ಚಪ್ಪಟೆಯಾಗಿ ಅಂಟಿಕೊಂಡರೆ ಚೈನು ಸೀಳಿನಲ್ಲಿ ವಾಲುತ್ತಿದೆ. ದೂರವಾದ ಅಂಚುಗಳನ್ನು ಸುತ್ತಿಗೆಯಿಂದ ಬಡಿದು ಕೂಡಿಸುವವರಿದ್ದಾರೆ. ಅದು ನಾಲ್ಕು ದಿನದ ಉಪಾಯ. ವರ್ಕ್‌ಶಾಪಿನಲ್ಲಿ ಗ್ರೈಂಡರಿಗೆ ಹಿಡಿದು ಎರಡೂ ಅಂಚನ್ನು ಸಮ ಮಾಡಿಸುವುದು ನಿಜವಾದ ರಿಪೇರಿ, ಆದರೆ ಸೀಳಿನ ಆಳ ಉಳಿದಿದ್ದರೆ ಮಾತ್ರ. .325 ಮತ್ತು 3/8 ಚೈನಿಗೆ ಆಳ 6 ಮಿ.ಮೀ.ಗಿಂತ ಕಡಿಮೆಯಾದರೆ ಡ್ರೈವ್ ಲಿಂಕ್ ತಳ ಮುಟ್ಟುತ್ತದೆ. ಆ ಬಾರಿನ ಕೆಲಸ ಮುಗಿಯಿತು, ಗುಜರಿಗೆ ಹಾಕಬೇಕು.

ಮುಂದಿನ ಸಲ ಬಾರ್ ಕೊಳ್ಳಲು ಹೋಗುವಾಗ ಹಳೆಯ ಬಾರ್, ಹಳೆಯ ಚೈನು ಎರಡನ್ನೂ ಜೊತೆಗೆ ಒಯ್ಯಿರಿ, ಒಂದು ಸ್ಕೇಲು ಜೇಬಿನಲ್ಲಿರಲಿ. ಬಾಲದ ತೂತುಗಳನ್ನು ಒಂದರ ಮೇಲೊಂದಿಟ್ಟು ನೋಡಿ, ಪಿಚ್, ಗೇಜ್, ಡ್ರೈವ್ ಲಿಂಕಿನ ಎಣಿಕೆ ಮೂರನ್ನೂ ಓದಿ ಆಮೇಲೆ ಬೆಲೆ ಕೇಳಿ. ಹಿಂದಿರುಗುವಾಗ ಒಂದು ಲೀಟರ್ ಬಾರ್ ಎಣ್ಣೆಯನ್ನೂ ತನ್ನಿ.